55ರ ಮೈಕ್ರೋ ಲೆನ್ಸ್: 4,200 ಕೊಟ್ಟು ರಿಪೇರಿ ಮಾಡಿಸಲಾ, ಬಿಟ್ಟುಬಿಡಲಾ?

ಚೌಬಾರಾ ಓಣಿ (ಬೀದರ್)

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಇದೇ ಯೋಚನೆ, ಇನ್ನು ನೀವೇ ಹೇಳಬೇಕು.

ನಾನು ಪ್ರೈಮರಿ ಶಾಲೆ ಮಾಸ್ತರ. ಫೋಟೋ ನನ್ನ ಹೊಟ್ಟೆಪಾಡಲ್ಲ. ಆದರೆ ನಮ್ಮ ಸೋದರಮಾವ ಬಿದ್ರಿ ಕೆಲಸದವರು. ಅವರು ಮಾಡುವ ಸುರಾಹಿ, ಹೂದಾನಿ, ಡಬ್ಬಿಗಳ ಫೋಟೋ ತೆಗೆದು ಗಿರಾಕಿಗಳಿಗೆ ಕಳಿಸುವುದು ನನ್ನ ಕೆಲಸ. ಕೂಲಿ ಒಂದು ಚಹಾ, ಎರಡು ಬೈಗುಳ.

ಕ್ಯಾಮೆರಾ ನಿಕಾನ್ ಡಿ7200. ಲೆನ್ಸ್ ಸಣ್ಣ ವಸ್ತುವನ್ನು ಹತ್ತಿರದಿಂದ ತೆಗೆಯುವ ಹಳೆಯ ಮೈಕ್ರೋ ನಿಕ್ಕೋರ್ 55 ಎಂಎಂ ಎಫ್ 2.8, ಕೈಯಿಂದ ಫೋಕಸ್ ಮಾಡುವಂಥದ್ದು. 2016ರಲ್ಲಿ ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ, 6,500 ಕೊಟ್ಟು. ಐದು ವರ್ಷ ಚಿನ್ನದ ಹಾಗೆ ಕೆಲಸ ಮಾಡಿತು.

ಈಗ ಎರಡು ತೊಂದರೆ. ಒಂದು, ಫೋಕಸ್ ರಿಂಗ್ ಗಟ್ಟಿ. ಚಳಿಗಾಲದ ಬೆಳಿಗ್ಗೆಯಂತೂ ಉಪ್ಪಿನಕಾಯಿ ಬಾಟಲಿ ಮುಚ್ಚಳ ತೆಗೆದ ಹಾಗೆ ಎರಡೂ ಕೈ ಹಾಕಬೇಕು. ತಿರುಗಿಸುವಾಗ ಟ್ರೈಪಾಡೇ ಅಲ್ಲಾಡುತ್ತದೆ. ಇನ್ನೊಂದು, ಫೋಟೋ ಒಮ್ಮೊಮ್ಮೆ ಬೆಳ್ಳಗೆ ಬರುತ್ತದೆ. ಬೆಳಕಿನ ಕಿಂಡಿ ಪೂರ್ತಿ ತೆರೆದ ಎಫ್ 2.8ರಲ್ಲಿ ಸರಿ, ಕಿಂಡಿ ಸಣ್ಣದಾಗುವ ಎಫ್ 11ಕ್ಕೆ ಹೋದರೆ ಕೈಕೊಡುತ್ತದೆ. ಒಳಗೆ ಆ ಕಿಂಡಿಯ ಬ್ಲೇಡುಗಳ ಮೇಲೆ ಎಣ್ಣೆ ಹೊಳೆಯುತ್ತಿದೆ.

ಕಿಂಡಿ ಸಣ್ಣದಾದಷ್ಟೂ ಮುಂದಿನದು, ಹಿಂದಿನದು ಎರಡೂ ಚೊಕ್ಕ ಬರುತ್ತವೆ, ಹಾಗಾಗಿ ಎಫ್ 11 ನನಗೆ ಬೇಕೇಬೇಕು. ಸುರಾಹಿಯ ಹೊಟ್ಟೆ ಗುಂಡಗೆ. ಕತ್ತಿಗೆ ಫೋಕಸ್ ಮಾಡಿದರೆ ಹೊಟ್ಟೆಯ ಬಳ್ಳಿ ಮಸುಕಾಗುತ್ತದೆ, ಹೊಟ್ಟೆಗೆ ಮಾಡಿದರೆ ಕತ್ತು ಹೋಗುತ್ತದೆ. ಇನ್ನು ಬಣ್ಣ. ಕೋಟೆ ಮಣ್ಣು, ನವಸಾಗರ ಕಲಸಿದ ಬಿಸಿನೀರಿನಲ್ಲಿ ಅದ್ದಿದಾಗ ಸತುವು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಬಿದ್ರಿಯ ಬೆಲೆ ಇರುವುದೇ ಆ ಎರಡರ ನಡುವಿನ ಅಂತರದಲ್ಲಿ. ಹೋದ ತಿಂಗಳು ನಾನು ತೆಗೆದ ಫೋಟೋ ನೋಡಿ ಮಾವ, "ನಾನು ಕಪ್ಪು ಮಾಡಿ ಕೊಟ್ಟೆ, ನೀನು ಬೂದಿ ಮಾಡಿ ತಂದೆ" ಅಂದರು. ಸುಳ್ಳಲ್ಲ.

ಹೈದರಾಬಾದ್ ಕೋಠಿಯಲ್ಲಿ ಒಬ್ಬರಿಗೆ ತೋರಿಸಿದೆ. ಗ್ರೀಸ್ ಬದಲಿಸಿ, ಬ್ಲೇಡ್ ತೊಳೆದು ಕೊಡಲು 4,200, ಹತ್ತು ದಿನ ಅಂದರು. ಮನೆಯವರ ಮಾತು: "ಆರೂವರೆ ಸಾವಿರದ ಸಾಮಾನಿಗೆ ನಾಲ್ಕು ಸಾವಿರದ ರಿಪೇರಿ ಯಾರಾದರೂ ಮಾಡಿಸ್ತಾರಾ?" ಲೆಕ್ಕ ಸರಿ ಇದೆ, ಅಲ್ವಾ? ಆದರೂ ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?

ಸ್ಟೇಷನ್ ರೋಡ್ ಸ್ಟುಡಿಯೋ (ಕಲಬುರಗಿ)

ಮಾಸ್ತರೇ, ನೇರ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಬಿಟ್ಟುಬಿಡಿ.

ನಾನು ಮದುವೆ ಫೋಟೋ ತೆಗೆಯುವವನು. ಲೆನ್ಸ್ ಕೈಕೊಟ್ಟರೆ ತಾಳಿ ಕಟ್ಟುವುದನ್ನು ಇನ್ನೊಮ್ಮೆ ಕಟ್ಟಿ ಅನ್ನೋಕಾಗಲ್ಲ. ಹಾಗಾಗಿ ಒಮ್ಮೆ ಕೈಕೊಟ್ಟ ಸಾಮಾನನ್ನು ನಾನು ನಂಬುವುದಿಲ್ಲ. ನಿಮ್ಮ ಡಿ7200ರಲ್ಲಿ ಫೋಕಸ್ ಮೋಟಾರ್ ಬಾಡಿಯಲ್ಲೇ ಇದೆ. ಹಳೆಯ 60 ಎಂಎಂ ಮೈಕ್ರೋ ಡಿ ಲೆನ್ಸ್ ಹಾಕಿದರೂ ಆಟೋಫೋಕಸ್ ಆಗುತ್ತದೆ, ಸೆಕೆಂಡ್ ಹ್ಯಾಂಡ್ ಹುಡುಕಿ. ಇಲ್ಲ ಅಂದರೆ 40 ಎಂಎಂ ಡಿಎಕ್ಸ್ ಮೈಕ್ರೋ ನೋಡಿ, ಸಣ್ಣದು, ಹಗುರ.

ರಿಪೇರಿಗೆ ಹಾಕೋ ದುಡ್ಡು ಅದರ ಮೇಲೆ ಹಾಕಿ.

ಭೀಮಾ ದಂಡೆ (ಯಾದಗಿರಿ)

ಸ್ಟುಡಿಯೋ ಅಣ್ಣ ಹೇಳಿದ್ದು ಮದುವೆ ಕೆಲಸಕ್ಕೆ ನೂರಕ್ಕೆ ನೂರು ಸರಿ. ಆದರೆ ಸುರಾಹಿ ಎಲ್ಲಿಗೂ ಓಡಿಹೋಗಲ್ಲ. ಇನ್ನೊಂದು ಮಾತು, 40ರ ಲೆನ್ಸ್ ತೀರ ಹತ್ತಿರ ಹೋಗಬೇಕಾಗುತ್ತದೆ. ಸಣ್ಣ ವಸ್ತು ತೆಗೆಯುವಾಗ ಲೆನ್ಸಿನ ನೆರಳೇ ಮೇಲೆ ಬೀಳುತ್ತದೆ. ಹೊಳೆಯುವ ಬೆಳ್ಳಿಯಲ್ಲಂತೂ ಲೆನ್ಸಿನ ಮೂತಿಯೇ ಕಾಣುತ್ತದೆ.

ಮಾಸ್ತರೇ, ಕೊಳ್ಳುವ ಮಾತು ಆಮೇಲೆ. ಮೊದಲು ಏನಾಗಿದೆ ನೋಡೋಣ. ಮೂರು ಪರೀಕ್ಷೆ ಮಾಡಿ ಬರೀರಿ.

ಲೆನ್ಸ್ ಬಿಚ್ಚಿ ಕೈಯಲ್ಲಿ ಹಿಡಿಯಿರಿ. ಅಪರ್ಚರ್ ರಿಂಗ್ (ಕಿಂಡಿಯ ಅಳತೆ ಇಡುವ ರಿಂಗ್) 16ಕ್ಕೆ ಇಡಿ. ಹಿಂಬದಿಯಲ್ಲಿ ಸಣ್ಣ ಲೋಹದ ಕಡ್ಡಿ ಇದೆಯಲ್ಲ, ಅದನ್ನು ಬೆರಳಿನಿಂದ ತಳ್ಳಿದರೆ ಬ್ಲೇಡ್ ಪೂರ್ತಿ ತೆರೆಯುತ್ತದೆ. ಬಿಟ್ಟ ಕೂಡಲೇ ಟಕ್ ಅಂತ ಮುಚ್ಚಬೇಕು. ಮಲಗಿದ ಎಮ್ಮೆ ಎದ್ದ ಹಾಗೆ ನಿಧಾನಕ್ಕೆ ಬಂದರೆ ಎಣ್ಣೆಯದೇ ಕಾಟ. ಕ್ಯಾಮೆರಾ ಫೋಟೋ ಹೊಡೆಯುವ ಕ್ಷಣದಲ್ಲಿ ಮಾತ್ರ ಬ್ಲೇಡನ್ನು ಮುಚ್ಚುತ್ತದೆ. ಅಷ್ಟರೊಳಗೆ ಅದು ಮುಚ್ಚದಿದ್ದರೆ ಬೆಳಕು ಜಾಸ್ತಿ ಬೀಳುತ್ತದೆ. ನಿಮ್ಮ ಮಾವನ ಬೂದಿ ಬಣ್ಣ ಅಲ್ಲಿಂದಲೇ ಬಂದಿರಬೇಕು.

ಎರಡನೆಯದು. ಒಂದೇ ಸಮನೆ ಬೆಳಕಿರುವ ಬಿಳಿ ಗೋಡೆ, ಕ್ಯಾಮೆರಾ ಮ್ಯಾನುಯಲ್‌ನಲ್ಲಿ, ಐಎಸ್‌ಓ ಬದಲಿಸಬೇಡಿ. ಎಫ್ 2.8ಕ್ಕೆ ಶಟರ್ 1/1000 ಸೆಕೆಂಡ್, 4ಕ್ಕೆ 1/500, 5.6ಕ್ಕೆ 1/250, 8ಕ್ಕೆ 1/125, 11ಕ್ಕೆ 1/60, 16ಕ್ಕೆ 1/30. ಗೋಡೆ ತೀರ ಕಪ್ಪಗೆ ಬಂದರೆ ಐಎಸ್‌ಓ ಏರಿಸಿ ಮೊದಲಿನಿಂದ ಶುರು ಮಾಡಿ. ಆರೂ ಫೋಟೋ ಒಂದೇ ಬಣ್ಣ ಬರಬೇಕು. ಎಲ್ಲಿಂದ ಬೆಳ್ಳಗಾಗುತ್ತದೋ ಅಲ್ಲಿಂದ ಬ್ಲೇಡ್ ಹಿಂದೆ ಬೀಳುತ್ತಿದೆ.

ಮೂರನೆಯದು, ಕತ್ತಲ ಕೋಣೆಯಲ್ಲಿ ಟಾರ್ಚ್. ಬ್ಲೇಡ್ ಪೂರ್ತಿ ತೆರೆದು, ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ನೋಡಿ. ಧೂಳಿನ ನಾಲ್ಕು ಚುಕ್ಕೆ ಲೆಕ್ಕಕ್ಕಿಲ್ಲ. ಜೇಡರ ಬಲೆಯ ಹಾಗೆ ಎಳೆ ಕಂಡರೆ ಅದು ಫಂಗಸ್. ಮಂಜು ಕಟ್ಟಿದ ಹಾಗೆ ಕಂಡರೆ ಎಣ್ಣೆಯ ಆವಿ ಗಾಜಿಗೂ ಹತ್ತಿದೆ.

ಇನ್ನೊಂದು ಪ್ರಶ್ನೆ, ನಿಜ ಹೇಳಬೇಕು. ಫೋಕಸ್ ಗಟ್ಟಿಯಾದಾಗ ಏನಾದರೂ ಎಣ್ಣೆ ಬಿಟ್ಟಿದ್ದಿರಾ?

ಸುಮ್ನೆ ಬಂದವ

ಸರ್, ಇಷ್ಟೆಲ್ಲ ಯಾಕೆ? ಈಗಿನ ಮೊಬೈಲ್‌ನಲ್ಲಿ ತೆಗೀರಿ, ಇದಕ್ಕಿಂತ ಚೆನ್ನಾಗಿ ಬರುತ್ತೆ.

ಚೌಬಾರಾ ಓಣಿ (ಬೀದರ್)

ಮೊಬೈಲ್‌ನಲ್ಲಿ ಮೊದಲೇ ನೋಡಿದ್ದೇನೆ ತಮ್ಮಾ. ಹತ್ತಿರದಿಂದ ತೆಗೆದರೆ ಸುರಾಹಿಗೆ ಹೊಟ್ಟೆ ಬಂದ ಹಾಗೆ ಉಬ್ಬುತ್ತದೆ. ಬೆಳ್ಳಿ ತಂತಿಯನ್ನು ಅದೇ ತಿದ್ದಿ ತೀಡಿ ಪ್ಲಾಸ್ಟಿಕ್ ಗೆರೆ ಮಾಡಿಬಿಡುತ್ತದೆ.

ಭೀಮಾ ಅಣ್ಣಾ, ಪರೀಕ್ಷೆ ಮುಗಿಸಿದೆ. ಕಡ್ಡಿ ಬಿಟ್ಟರೆ ಬ್ಲೇಡ್ ಅರ್ಧಕ್ಕೆ ಬಂದು ನಿಲ್ಲುತ್ತದೆ, ಯೋಚನೆ ಮಾಡುತ್ತದೆ, ಆಮೇಲೆ ಮುಚ್ಚುತ್ತದೆ. ಎಣಿಸಿದೆ, ಎರಡು ಸೆಕೆಂಡ್. ಗೋಡೆಯ ಫೋಟೋದಲ್ಲಿ 2.8 ಮತ್ತು 4 ಒಂದೇ ಥರ. 5.6ರಿಂದ ಏರುತ್ತಾ ಹೋಗಿ 16ರಲ್ಲಿ ಗೋಡೆ ಸುಣ್ಣ ಹೊಡೆದ ಹಾಗೆ. ಟಾರ್ಚ್ ಹಿಡಿದರೆ ಗಾಜು ಸ್ವಚ್ಛ. ಮುಂದಿನ ಗಾಜಿನ ಹಿಂದೆ ಮೂರು ಧೂಳು, ಅಷ್ಟೇ. ಎಳೆ ಇಲ್ಲ, ಮಂಜೂ ಇಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಅದನ್ನು ಕೇಳದೇ ಇದ್ದಿದ್ದರೆ ಚೆನ್ನಾಗಿತ್ತು.

2021ರಲ್ಲಿ ಲಾಕ್‌ಡೌನ್ ಹೊತ್ತಲ್ಲಿ ರಿಂಗ್ ಬಿಗಿಯಾಗಲು ಶುರುವಾಯಿತು. ಹೊರಗೆ ಹೋಗುವಂತಿಲ್ಲ. ಮನೆಯಲ್ಲಿ ಹೊಲಿಗೆ ಮಷೀನಿನ ಎಣ್ಣೆ ಇತ್ತು. ರಿಂಗಿನ ಸಂದಿಗೆ ಎರಡು ಹನಿ ಬಿಟ್ಟೆ. ಎರಡೇ! ಮರುದಿನ ಬೆಣ್ಣೆಯ ಹಾಗೆ ತಿರುಗಿತು. ನಾನೇ ದೊಡ್ಡ ಮೆಕ್ಯಾನಿಕ್ ಅಂತ ಬೀಗಿದೆ. ಆ ಬೇಸಿಗೆ ಲೆನ್ಸ್ ಇದ್ದದ್ದು ತಗಡಿನ ಮಾಡಿನ ಕೆಳಗಿನ ಕಬ್ಬಿಣದ ಕಪಾಟಿನಲ್ಲಿ. ಮಧ್ಯಾಹ್ನ ಕಪಾಟಿನ ಬಾಗಿಲು ಮುಟ್ಟಿದರೆ ಕೈ ಸುಡುತ್ತಿತ್ತು. ದೀಪಾವಳಿ ಹೊತ್ತಿಗೆ ರಿಂಗ್ ಮತ್ತೆ ಗಟ್ಟಿ, ಮೇಲಿಂದ ಈ ಬೂದಿ ಬಣ್ಣ. ಎರಡಕ್ಕೂ ಸಂಬಂಧ ಇದೆ ಅಂತ ಇವತ್ತಿನವರೆಗೂ ಹೊಳೆದಿರಲಿಲ್ಲ. ಕೋಠಿಯವರಿಗೂ ಹೇಳಿಲ್ಲ.

ಭೀಮಾ ದಂಡೆ (ಯಾದಗಿರಿ)

ನಕ್ಕುಬಿಟ್ಟೆ, ತಪ್ಪು ತಿಳೀಬೇಡಿ. ನಾನೂ ಒಂದು ಕಾಲದಲ್ಲಿ ಕೊಬ್ಬರಿ ಎಣ್ಣೆ ಬಿಟ್ಟವನೇ.

ಪೂರ್ತಿ ತಪ್ಪು ನಿಮ್ಮದಲ್ಲ. ಈ 55 ಎಫ್ 2.8ಕ್ಕೆ ಇದು ಹುಟ್ಟಿನಿಂದ ಬಂದ ರೋಗ. ಫೋಕಸ್ ತಿರುಪಿನಲ್ಲಿ ಇರುವ ಗ್ರೀಸ್ ಹಳೆಯದಾದಂತೆ ಎರಡಾಗಿ ಒಡೆಯುತ್ತದೆ. ತೆಳು ಎಣ್ಣೆ ಹರಿದು ಬ್ಲೇಡಿಗೆ ಹೋಗುತ್ತದೆ, ಉಳಿದ ಗಟ್ಟಿ ಭಾಗ ಮೇಣದ ಹಾಗೆ ತಿರುಪನ್ನು ಹಿಡಿದುಕೊಳ್ಳುತ್ತದೆ. ಒಂದೇ ಗ್ರೀಸ್, ಎರಡು ರೋಗ. ಬಿಸಿಲು ಅದಕ್ಕೆ ಇನ್ನೂ ಅವಸರ ಮಾಡುತ್ತದೆ. ನಿಮ್ಮ ಎರಡು ಹನಿ ಆ ಕೆಲಸವನ್ನು ಪೂರ್ತಿ ಮಾಡಿತು. ಇದಕ್ಕಿಂತ ಹಳೆಯ 55 ಎಫ್ 3.5ಕ್ಕೆ ಈ ಕಾಟ ತೀರ ಕಡಿಮೆ. ಮುಂದೆ ಯಾವತ್ತಾದರೂ ಸಿಕ್ಕರೆ ಮನಸ್ಸಿನಲ್ಲಿರಲಿ. ಆದರೆ ಕೊಳ್ಳುವ ಮೊದಲು ಅಪರ್ಚರ್ ರಿಂಗ್ ನಿಕಾನ್ 1977ರಲ್ಲಿ ತಂದ ಎಐ ನಮೂನೆಯದಾ ನೋಡಿ. 1977ಕ್ಕಿಂತ ಹಿಂದಿನ, ಬದಲಿಸದ ರಿಂಗ್ ಇದ್ದರೆ ಡಿ7200ಕ್ಕೆ ಹಾಕಬೇಡಿ. ಬಾಡಿಯ ಸಣ್ಣ ಕೊಂಡಿ ಮುರಿಯುತ್ತದೆ.

ಈಗ ನಿಮ್ಮ ಲೆನ್ಸ್. ಗಾಜು ಸ್ವಚ್ಛ ಇದೆ ಅನ್ನುವುದೇ ದೊಡ್ಡ ಸುದ್ದಿ. ಗ್ರೀಸ್ ಬದಲಿಸಬಹುದು, ಬ್ಲೇಡ್ ತೊಳೆಯಬಹುದು. ಹಾಳಾದ ಗಾಜನ್ನು ಏನು ಮಾಡೋಣ? ಹಾಗಾಗಿ ನನ್ನ ಮಾತು: ಮಾಡಿಸಿ.

ಮನೆಯವರ ಲೆಕ್ಕದಲ್ಲಿ ಒಂದೇ ಒಂದು ಕಡೆ ಜಾರಿದೆ. 2016ರಲ್ಲಿ ಕೊಟ್ಟ 6,500 ಖರ್ಚಾಗಿ ಹೋಯಿತು, ಅದನ್ನು ಮತ್ತೆ ಎಣಿಸುವ ಹಾಗಿಲ್ಲ. ಇವತ್ತು 4,200ಕ್ಕೆ ಚೆನ್ನಾಗಿ ನಡೆಯುವ ಮೈಕ್ರೋ ಲೆನ್ಸ್ ಬೇರೆ ಎಲ್ಲಾದರೂ ಸಿಗುತ್ತದಾ? ಅದಷ್ಟೇ ಪ್ರಶ್ನೆ. ಸೆಕೆಂಡ್ ಹ್ಯಾಂಡ್ ಇನ್ನೊಂದು ಇದೇ 55 ತಂದರೂ ಅದರ ಗ್ರೀಸ್ ವಯಸ್ಸೂ ಅಷ್ಟೇ. ಮಾರುವವನು ಎಣ್ಣೆ ಬಿಟ್ಟಿದ್ದಾನೋ ಇಲ್ಲವೋ, ಕೇಳಿದರೆ ನಿಮ್ಮ ಹಾಗೆ ನಿಜ ಹೇಳ್ತಾನಾ?

ಮನೆಯಲ್ಲಿ ಬಿಚ್ಚಬೇಡಿ. ವಿಡಿಯೋ ನೋಡಿದರೆ ಸುಲಭ ಅನ್ನಿಸುತ್ತದೆ. ಆದರೆ ಹತ್ತಿರದ ವಸ್ತುವೂ ಚೊಕ್ಕ ಬರಲಿ ಅಂತ ಈ ಲೆನ್ಸಿನಲ್ಲಿ ಗಾಜಿನ ಎರಡು ಗುಂಪು ಬೇರೆ ಬೇರೆ ವೇಗದಲ್ಲಿ ಚಲಿಸುತ್ತವೆ. ಒಂದರೊಳಗೆ ಒಂದು ತಿರುಪು. ಬಿಚ್ಚುವಾಗ ಯಾವ ಜಾಗದಲ್ಲಿ ಕಳಚಿತು ಅಂತ ಗುರುತು ಹಾಕದಿದ್ದರೆ ಮತ್ತೆ ಕೂರಿಸುವಾಗ ಸರಿಯಾದ ಹಲ್ಲು ಹುಡುಕುವುದೇ ಒಂದು ದಿನದ ಕೆಲಸ. ಸ್ಕ್ರೂಗಳೂ ಜಪಾನಿನ ಅಳತೆಯವು. ನಮ್ಮ ಮಾಮೂಲಿ ಸ್ಟಾರ್ ಡ್ರೈವರ್ ಹಾಕಿದರೆ ತಲೆ ಸವೆದು ಹೋಗುತ್ತದೆ.

ಕೋಠಿಯವರಿಗೆ ಹೊಲಿಗೆ ಎಣ್ಣೆಯ ವಿಷಯ ತಪ್ಪದೆ ಹೇಳಿ. ಮುಚ್ಚಿಟ್ಟರೆ ಅವರು ಬ್ಲೇಡ್ ಮಾತ್ರ ಒರೆಸಿ ಕೊಡಬಹುದು. ತಿರುಪಿನಲ್ಲಿ ಉಳಿದ ಎಣ್ಣೆ ಎರಡು ತಿಂಗಳಿಗೆ ಮತ್ತೆ ಬ್ಲೇಡಿಗೆ ಬರುತ್ತದೆ. ಹಳೆಯದೆಲ್ಲ ತೊಳೆದು ಹೊಸ ಗ್ರೀಸ್ ಹಾಕಬೇಕು ಅಂತ ಬಿಡಿಸಿ ಹೇಳಿ.

ಆ ಹತ್ತು ದಿನ ಸುಮ್ನೆ ಕೂರೋಕಾಗಲ್ಲ, ಈಗಲೇ ತುರ್ತು ಕೆಲಸ ಇದೆ ಅಂದರೆ ಕಳಿಸುವ ಮೊದಲು ಒಂದು ಉಪಾಯ ಇದೆ. ಅಗ್ಗದ ಎಕ್ಸ್‌ಟೆನ್ಷನ್ ರಿಂಗ್, ಒಳಗೆ ಯಾವ ಕಡ್ಡಿಯೂ ಇಲ್ಲದ್ದು. ಅದನ್ನು ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕಿದರೆ ಕ್ಯಾಮೆರಾಕ್ಕೂ ಬ್ಲೇಡಿಗೂ ಸಂಬಂಧ ಕಡಿದುಹೋಗುತ್ತದೆ. ಅಪರ್ಚರ್ ರಿಂಗ್ ಎಷ್ಟಕ್ಕೆ ಇಟ್ಟಿರೋ ಅಷ್ಟಕ್ಕೆ ಬ್ಲೇಡ್ ಮೊದಲೇ ಮುಚ್ಚಿ ಕೂತಿರುತ್ತದೆ. ಎರಡು ಸೆಕೆಂಡ್ ಏನು, ಎರಡು ನಿಮಿಷ ತಗೊಂಡರೂ ಫೋಟೋ ಕೆಡಲ್ಲ. ವ್ಯೂಫೈಂಡರ್ ಕತ್ತಲಾಗುತ್ತದೆ, ಮೀಟರ್ ನಂಬಬೇಡಿ, ತೆಗೆದು ನೋಡಿ ತಿದ್ದಿಕೊಳ್ಳಿ. ಆದರೆ 14 ಮಿ.ಮೀ. ರಿಂಗ್ ಹಾಕಿದರೂ ನಿಮ್ಮ ಕ್ಯಾಮೆರಾದಲ್ಲಿ ಸುಮಾರು 9 ಸೆಂ.ಮೀ.ಗಿಂತ ದೊಡ್ಡ ವಸ್ತು ಪೂರ್ತಿ ಹಿಡಿಯುವುದಿಲ್ಲ. ಡಬ್ಬಿ, ಉಂಗುರ, ಗುಂಡಿಗೆ ಆಯಿತು. ಸುರಾಹಿಗೆ ಆಗಲ್ಲ.

ಸ್ಟೇಷನ್ ರೋಡ್ ಸ್ಟುಡಿಯೋ (ಕಲಬುರಗಿ)

ಈ ರಿಂಗಿನ ಉಪಾಯ ನನಗೂ ಗೊತ್ತಿರಲಿಲ್ಲ ಬಿಡ್ರಿ. ಆದರೂ ನಾನಾಗಿದ್ದರೆ 60 ತಗೊಳ್ತಿದ್ದೆ.

ಕೂಲರ್ ಅಕ್ಕ (ಕಲಬುರಗಿ)

ನನ್ನ ಕಥೆಯೂ ಕೇಳಿ, ಇದರ ಉಲ್ಟಾ.

ನನ್ನದು ಪೆಂಟ್ಯಾಕ್ಸ್ 50 ಎಫ್ 2. ಕೆ1000 ಕ್ಯಾಮೆರಾ ಜೊತೆ ಬಂದಿದ್ದು. ಕಲಬುರಗಿಯಲ್ಲಿ ಫಂಗಸ್ ಎಲ್ಲಿಂದ ಬರಬೇಕು ಅಂತ ನಾನು ಧೈರ್ಯವಾಗಿದ್ದೆ. ಏಪ್ರಿಲ್, ಮೇನಲ್ಲಿ ಹೊರಗೆ 43 ಡಿಗ್ರಿ, ಒಗೆದ ಬಟ್ಟೆ ಹತ್ತು ನಿಮಿಷಕ್ಕೆ ಹಪ್ಪಳ. ಆದರೆ ಕೋಣೆಯಲ್ಲಿ ಹಗಲು ರಾತ್ರಿ ನೀರಿನ ಕೂಲರ್! ಅದರ ಗಾಳಿಗೆ ಸರಿಯಾಗಿ ಎದುರಿಗೇ ಕ್ಯಾಮೆರಾದ ಕಪಾಟು. ಲೆನ್ಸ್ ಇದ್ದದ್ದು ಚರ್ಮದ ಚೀಲದಲ್ಲಿ. ಚರ್ಮ ಪಸೆ ಹೀರಿಕೊಂಡು ಕೂತಿತ್ತು. ಅದರ ಮೇಲೆ ಮಳೆಗಾಲವೂ ಬಂತು. ದಸರಾಕ್ಕೆ ತೆಗೆದು ನೋಡಿದರೆ ಒಳಗಿನ ಗಾಜಿನಲ್ಲಿ ರಂಗೋಲಿ.

ರಿಪೇರಿಗೆ 1,500 ಕೊಟ್ಟೆ. ಬೂಷ್ಟು ಹೋಯಿತು, ಅದರ ಗುರುತು ಹೋಗಲಿಲ್ಲ. ಫಂಗಸ್ ಬಿಡುವ ಆಮ್ಲ ಗಾಜಿನ ಮೇಲಿನ ಲೇಪವನ್ನೇ ತಿಂದಿತ್ತು. ಸೂರ್ಯನ ಎದುರು ಹಿಡಿದರೆ ಇಡೀ ಫೋಟೋ ಮಸುಕು. ಟಾರ್ಚ್ ಹಾಕಿ ನೋಡಿದ್ದರೆ ಆ ದುಡ್ಡು ಉಳಿಯುತ್ತಿತ್ತು. ಈಗ ಲೆನ್ಸ್ ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ. ಮಕ್ಕಳು ಚಕ್ಕುಲಿ ಇದೆ ಅಂತ ಎರಡು ಸಲ ತೆಗೆದು ನೋಡಿದ್ದಾರೆ.

ಮಾಸ್ತರೇ, ರಿಪೇರಿಯಾದ ಮೇಲೆ ಅಲ್ಲೇ ಅಂಗಡಿಯಲ್ಲಿ ನಿಂತು ನೋಡಿಕೊಳ್ಳಿ. ದುಡ್ಡು ಕೊಡುವ ಮೊದಲು. ರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ, ನಡುವೆ ಎಲ್ಲೂ ತಡೆಯಬಾರದು. ಬಾಗಿಲಿಗೆ ಬಂದು ದೂರದ ಕಂಬವೋ ಮಿನಾರೋ ನೋಡಿ. ಅನಂತದ ಗುರುತಿಗೆ ಇಟ್ಟಾಗ ಅದು ಚೊಕ್ಕ ಕಾಣಬೇಕು. ತಿರುಪು ತಪ್ಪು ಹಲ್ಲಿಗೆ ಕೂತಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ಆ ಕಡ್ಡಿಯ ಪರೀಕ್ಷೆ, ಇಪ್ಪತ್ತು ಸಲ. ಟಾರ್ಚ್ ಮರೀಬೇಡಿ. ಒಳಗೆ ಬೆರಳಚ್ಚು ಬಿಟ್ಟು ಮುಚ್ಚಿ ಕೊಟ್ಟಿದ್ದನ್ನೂ ನೋಡಿದ್ದೇನೆ.

ಚೌಬಾರಾ ಓಣಿ (ಬೀದರ್)

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಮಾಡಿಸಿದೆ.

ಭಾನುವಾರ ಬೆಳಿಗ್ಗೆ ಬಸ್ಸಿಗೆ ಹತ್ತಿದೆ. ಜಹೀರಾಬಾದ್ ದಾಟುವವರೆಗೂ ಹೊಲಿಗೆ ಎಣ್ಣೆಯ ವಿಷಯ ಹೇಗೆ ಹೇಳಲಿ ಅಂತಲೇ ಯೋಚನೆ. ಕೋಠಿಯವರಿಗೆ ಹೇಳಿದೆ. ಅವರು ಕನ್ನಡಕ ತಲೆ ಮೇಲೆ ಏರಿಸಿ, "ನೀವು ಟೇಲರಾ?" ಅಂದರು. ಮಾಸ್ತರ್ ಅಂದೆ. "ಇಲ್ಲೂ ಟೇಲರ್‌ಗೆ ಮಾಸ್ಟರ್ ಅಂತಲೇ ಕರೀತೀವಿ" ಅಂತ ನಕ್ಕರು.

ಹತ್ತು ದಿನ ಹನ್ನೆರಡಾಯಿತು. ಬ್ಲೇಡ್ ಎರಡು ಸಲ ತೊಳೆಯಬೇಕಾಯಿತಂತೆ. ಮೊದಲ ಸಲ ಒಣಗಿಸಿ ಇಟ್ಟರೆ ಮರುದಿನ ಬುಡದಿಂದ ಮತ್ತೆ ಎಣ್ಣೆ ಬಂದಿತ್ತು. ಅದಕ್ಕೆ 300 ಜಾಸ್ತಿ, ಒಟ್ಟು 4,500. ನಾನು ಬಾಯಿ ಬಿಡಲಿಲ್ಲ. ಆ ಎರಡು ಹನಿಗೆ ಅಷ್ಟು ದಂಡ ಕಟ್ಟಲೇಬೇಕು.

ಅಕ್ಕ ಹೇಳಿದ ಹಾಗೆ ಬಾಗಿಲಲ್ಲಿ ನಿಂತು ದೂರದ ನೀರಿನ ಟ್ಯಾಂಕ್ ನೋಡಿದೆ. ಸರಿ ಇದೆ. ಕಡ್ಡಿ ಇಪ್ಪತ್ತು ಸಲ ಅಲ್ಲ, ಮೂವತ್ತು ಸಲ ಒತ್ತಿದೆ. ಟಕ್ ಟಕ್ ಅಂತ ಮುಚ್ಚುತ್ತದೆ. ರಿಂಗ್ ಮೊದಲಿನಷ್ಟು ಹಗುರ ಇಲ್ಲ, ಸ್ವಲ್ಪ ಭಾರವಾಗೇ ತಿರುಗುತ್ತದೆ. ನಮ್ಮ ಕಡೆ ಬಿಸಿಲಿಗೆ ಅಂತ ಬೇಕೆಂದೇ ಸ್ವಲ್ಪ ಗಟ್ಟಿ ಗ್ರೀಸ್ ಹಾಕಿದ್ದೇನೆ ಅಂದರು. ನನಗೂ ಅದೇ ಇಷ್ಟವಾಯಿತು, ಇಟ್ಟ ಜಾಗದಲ್ಲಿ ನಿಲ್ಲುತ್ತದೆ. ಮನೆಗೆ ಬಂದು ಗೋಡೆಯ ಪರೀಕ್ಷೆ ಮಾಡಿದೆ. ಆರೂ ಫೋಟೋ ಒಂದೇ ಬಣ್ಣ. ಲೆನ್ಸ್ ಈಗ ನಡುಮನೆಯ ಗೂಡಿನಲ್ಲಿದೆ, ತಗಡಿನ ಕೆಳಗಲ್ಲ.

ನಿನ್ನೆ ಮಾವನ ಹತ್ತಿರ ತಾರ್‌ಕಶಿ (ಬೆಳ್ಳಿ ತಂತಿ ಕೂರಿಸಿದ) ಡಬ್ಬಿಯೊಂದನ್ನು ತಂದೆ. ಕಿಟಕಿಗೆ ಬಿಳಿ ಪಂಚೆ ಕಟ್ಟಿ, ಕಪ್ಪು ಅಂಗಿ ಹಾಕಿಕೊಂಡು ಕೂತೆ. ಬಿಳಿ ಅಂಗಿ ಹಾಕಿದರೆ ಬೆಳ್ಳಿಯಲ್ಲಿ ನಾನೇ ಕಾಣುತ್ತೇನೆ. ಎಫ್ 11. ಕಪ್ಪು ಕಪ್ಪಾಗೇ ಬಂತು. ಮುಚ್ಚಳದ ಬಳ್ಳಿ ತಿರುಗುವ ಕಡೆ, ತಂತಿಯ ಎರಡು ತುದಿ ಕೂಡುವ ಜಾಗದಲ್ಲಿ ಕೂದಲೆಳೆಯಷ್ಟು ಸಂದಿ. ಅದರ ಪಕ್ಕ ಸುತ್ತಿಗೆ ತಾಗಿ ತಂತಿ ಒಂದಿಷ್ಟು ಚಪ್ಪಟೆ. ಬರಿಗಣ್ಣಿಗೆ ಕಾಣುವುದೇ ಇಲ್ಲ.

ಮಾವ ಕಂಪ್ಯೂಟರಿನಲ್ಲಿ ನೋಡಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಇಷ್ಟು ಹತ್ತಿರ ತೆಗೆ ಅಂತ ನಿನಗೆ ಯಾರು ಹೇಳಿದರು?" ಅಂದರು. ಆ ಫೋಟೋ ಗಿರಾಕಿಗೆ ಕಳಿಸುವ ಹಾಗಿಲ್ಲವಂತೆ. ಸ್ವಲ್ಪ ದೂರದಿಂದ ಇನ್ನೊಂದು ತೆಗೆದುಕೊಟ್ಟೆ.

ಅಂದಹಾಗೆ ಈ ಲೆನ್ಸ್ ವಸ್ತುವನ್ನು ಸೆನ್ಸರ್ ಮೇಲೆ ಅದರ ಅರ್ಧ ಅಳತೆಯವರೆಗೆ ಮಾತ್ರ ಮೂಡಿಸುತ್ತದೆ. ಪೂರ್ತಿ ಅಳತೆಗೆ ನಿಕಾನಿನ ಪಿಕೆ-13 ರಿಂಗ್ ಬೇಕು. ಯಾರ ಹತ್ತಿರವಾದರೂ ಸುಮ್ನೆ ಬಿದ್ದಿದ್ದರೆ ತಿಳಿಸಿ. ಮಾವನಿಗೆ ಹೇಳಬೇಡಿ.